ಬಿಲ್ಡ್‌ನಲ್ಲಿ ಲೈಬ್ರರಿ ಆವೃತ್ತಿ ಸದ್ದಿಲ್ಲದೆ ಹಿಂದಕ್ಕೆ ಜಾರದಂತೆ ತಡೆಯುವುದು

ಜಾವಾ ಪ್ರಾಜೆಕ್ಟ್‌ಗಳನ್ನು ಬಿಲ್ಡ್ ಮಾಡುವ ಸಾಧನವಾದ ಮೇವನ್‌ನಲ್ಲಿ ಒಂದೇ ಲೈಬ್ರರಿಯ ಎರಡು ಆವೃತ್ತಿಗಳು ಎದುರಾದರೆ ಗೆಲ್ಲುವುದು ಹೊಸದಲ್ಲ, ಅವಲಂಬನೆಯ ಮರದಲ್ಲಿ ಬೇರಿಗೆ, ಅಂದರೆ ನಿಮ್ಮ ಪ್ರಾಜೆಕ್ಟ್‌ಗೆ, ಹತ್ತಿರವಿರುವುದು. ಮೂರನೇ ಹಂತದಲ್ಲಿ 2.4, ಎರಡನೇ ಹಂತದಲ್ಲಿ 2.1 ಇದ್ದರೆ ಒಳಗೆ ಬರುವುದು 2.1. ಕಂಪೈಲ್ ಸಲೀಸಾಗಿ ಮುಗಿಯುತ್ತದೆ. ರನ್ ಆಗುವಾಗ ‘ನೋ ಸಚ್ ಮೆಥಡ್ ಎರರ್’ (ಕರೆದ ಮೆಥಡ್ ಇಲ್ಲ ಎಂಬ ದೋಷ) ಬಂದು ಕೈಕೊಡುತ್ತದೆ.

ಮೇವನ್‌ನ ಎನ್‌ಫೋರ್ಸರ್ ಪ್ಲಗಿನ್‌ನ ‘ರಿಕ್ವೈರ್ ಅಪ್ಪರ್ ಬೌಂಡ್ ಡೆಪ್ಸ್’ ನಿಯಮ ಹಾಕಿ. ಯಾವುದೋ ಲೈಬ್ರರಿ ಕೇಳಿದ್ದಕ್ಕಿಂತ ಹಳೆಯ ಆವೃತ್ತಿ ಆಯ್ಕೆಯಾದರೆ ಬಿಲ್ಡ್ ಅಲ್ಲೇ ನಿಲ್ಲುತ್ತದೆ. ಆಗ ‘ಡಿಪೆಂಡೆನ್ಸಿ ಮ್ಯಾನೇಜ್‌ಮೆಂಟ್’ ವಿಭಾಗದಲ್ಲಿ 2.4 ಎಂದು ಸ್ಪಷ್ಟವಾಗಿ ಬರೆಯಿರಿ. ಡಾಟ್‌ನೆಟ್‌ನ ಪ್ಯಾಕೇಜ್ ಮ್ಯಾನೇಜರ್ ನ್ಯೂಗೆಟ್‌ನ ಎನ್‌ಯು1605 ಸಂದೇಶ ಹೇಳುವುದೂ ಇದನ್ನೇ, ಆವೃತ್ತಿ ಹಿಂದಕ್ಕೆ ಜಾರಿದೆ ಎಂದು. ದಯವಿಟ್ಟು ಅದರ ಬಾಯಿ ಮುಚ್ಚಿಸಬೇಡಿ.

ಜಾವಾಸ್ಕ್ರಿಪ್ಟ್‌ನ ಪ್ಯಾಕೇಜ್ ಮ್ಯಾನೇಜರ್ ಎನ್‌ಪಿಎಂ ಬಳಸುವವರು ಸಿಐ ಸರ್ವರ್‌ನಲ್ಲಿ (ಪ್ರತಿ ಬದಲಾವಣೆಗೂ ತಾನಾಗಿ ಬಿಲ್ಡ್ ಮಾಡುವ ಸರ್ವರ್) ‘ಎನ್‌ಪಿಎಂ ಇನ್‌ಸ್ಟಾಲ್’ ಬದಲು ‘ಎನ್‌ಪಿಎಂ ಸಿಐ’ ಬಳಸಿ. ನಿಖರ ಆವೃತ್ತಿಗಳನ್ನು ದಾಖಲಿಸುವ ಲಾಕ್ ಫೈಲ್ package.json ಜೊತೆ ತಾಳೆಯಾಗದಿದ್ದರೆ ಅದು ಮುಂದುವರಿಯುವುದಿಲ್ಲ.

ಆದರೆ ಲಾಕ್ ಫೈಲೇ ಹಿಂದೆ ಸರಿದಿದ್ದರೆ? ಎರಡು ಬ್ರಾಂಚ್‌ಗಳನ್ನು ಸೇರಿಸುವಾಗಿನ ಮರ್ಜ್ ಗೊಂದಲ ಬಿಡಿಸುವಾಗ ಹಳೆಯ ಬದಿಯನ್ನು ಉಳಿಸಿಕೊಂಡರೆ ಆಗುವುದು ಇದೇ, ಮತ್ತು ಹೆಚ್ಚು ಕಾಡುವುದೂ ಇದೇ. ಹಾಗಾಗಿ ಪ್ರತಿ ಪುಲ್ ರಿಕ್ವೆಸ್ಟ್‌ನಲ್ಲಿ (ಕೋಡ್ ಬದಲಾವಣೆ ಸೇರಿಸುವ ಕೋರಿಕೆ) ಮುಖ್ಯ ಬ್ರಾಂಚಿನ ಲಾಕ್ ಫೈಲ್ ಜೊತೆ ಹೋಲಿಸುವ ಸ್ಕ್ರಿಪ್ಟ್ ಓಡಿಸಿ. ಒಂದೇ ಒಂದು ಆವೃತ್ತಿ ಇಳಿದರೂ ಬಿಲ್ಡ್ ಫೇಲ್ ಆಗಲಿ. ಹೋಲಿಕೆ ಅಕ್ಷರಗಳಾಗಿ ಬೇಡ, ಚುಕ್ಕಿಗಳ ನಡುವಿನ ಒಂದೊಂದು ಭಾಗವನ್ನೂ ಸಂಖ್ಯೆಯಾಗಿ ತೆಗೆದುಕೊಂಡು ಮಾಡಿ: ಅಕ್ಷರಗಳ ಲೆಕ್ಕದಲ್ಲಿ 1.10 ಎಂಬುದು 1.9ಕ್ಕಿಂತ ಹಳೆಯದಾಗಿಬಿಡುತ್ತದೆ. ಬೇಕೆಂದೇ ಇಳಿಸಿದ್ದಕ್ಕೆ ವಿನಾಯಿತಿ ಪಟ್ಟಿ ಇರಲಿ, ಪ್ರತಿ ಸಾಲಿನಲ್ಲೂ ಕಾರಣ ಮತ್ತು ಮುಕ್ತಾಯ ದಿನಾಂಕದೊಂದಿಗೆ.