ಎಲೆ ನೋಡಿ ಮರ ಗುರುತಿಸುವುದು ಹೇಗೆ?

ಹೂವು, ಕಾಯಿ ವರ್ಷಕ್ಕೆ ಒಂದೆರಡು ತಿಂಗಳು ಕಂಡರೆ ಹೆಚ್ಚು. ಎಲೆಯಾದರೆ ಹೆಚ್ಚುಕಡಿಮೆ ವರ್ಷವಿಡೀ ಕೈಗೆ ಸಿಗುತ್ತದೆ. ಆದರೆ ನೆಲಕ್ಕೆ ಬಿದ್ದದ್ದನ್ನು ಹೆಕ್ಕಬೇಡಿ, ಅದು ಪಕ್ಕದ ಮರದ್ದೂ ಆಗಿರಬಹುದು. ತಗ್ಗಿನ ಕೊಂಬೆಯೊಂದನ್ನು ಬಗ್ಗಿಸಿಕೊಂಡು ನೋಡಿ.

ಆಕಾರ ಆಮೇಲೆ. ಒಂದು ಎಲೆ ಅಂದರೆ ಎಲ್ಲಿಂದ ಎಲ್ಲಿಯವರೆಗೆ ಎಂಬುದು ಮೊದಲು ತಿಳಿಯಬೇಕು. ತೊಟ್ಟು ಕೊಂಬೆಗೆ ಸೇರುವ ಸಂದಿಯಲ್ಲಿ ಪುಟ್ಟ ಮೊಗ್ಗೊಂದು ಇರುತ್ತದೆ. ಅಲ್ಲಿಂದಾಚೆಗೆ ಇರುವುದೆಲ್ಲ ಸೇರಿ ಒಂದೇ ಎಲೆ. ಬೇವಿನ ಕಡ್ಡಿಯ ಎರಡೂ ಬದಿಗೆ ಸಾಲಾಗಿ ಕೂತಿರುವುವು ಅದರ ಕಿರುಎಲೆಗಳು. ಅವುಗಳ ಬುಡದಲ್ಲಿ ಎಷ್ಟು ಹುಡುಕಿದರೂ ಮೊಗ್ಗು ಸಿಗದು. ಇದಿಷ್ಟು ಹಿಡಿತಕ್ಕೆ ಬಂದರೆ ಅರ್ಧ ಗೊಂದಲ ತೀರಿತು. ಕಿರುಎಲೆಯ ಅಂಚು ಗರಗಸದಂತಿದ್ದು ಬುಡ ಸೊಟ್ಟಗಿದ್ದರೆ ಬೇವು. ಕಡ್ಡಿಯೇ ಮತ್ತೆ ಕವಲೊಡೆದು, ಕವಲುಗಳ ಮೇಲೆ ಕಿರುಎಲೆ ಬಂದಿದ್ದರೆ ಹೆಬ್ಬೇವು. ಹುಣಸೆಗೂ ಗುಲ್‌ಮೊಹರ್‌ಗೂ ಇರುವ ವ್ಯತ್ಯಾಸವೂ ಇದೇ: ಹುಣಸೆಗೆ ಒಂಟಿ ಕಡ್ಡಿ, ಗುಲ್‌ಮೊಹರ್‌ಗೆ ಕವಲು. ಹೊಂಗೆಯಲ್ಲಿ ಹೊಳೆಯುವ 5 ಅಥವಾ 7 ಕಿರುಎಲೆ, ತುದಿಯಲ್ಲಿ ಒಂದು ಒಂಟಿ. 3 ಮಾತ್ರ ಇದ್ದರೆ ಮುತ್ತುಗವೋ ಬಿಲ್ವವೋ ಇರಬಹುದು. ಅಗಲವಾಗಿ ದಪ್ಪಗಿದ್ದರೆ ಊಟದೆಲೆಯ ಮುತ್ತುಗ. ಕೊಂಬೆಯಲ್ಲಿ ಮುಳ್ಳಿದ್ದು, ಎಲೆಯನ್ನು ಬಿಸಿಲಿಗೆ ಹಿಡಿದಾಗ ಸಣ್ಣ ಚುಕ್ಕಿಗಳು ಕಂಡರೆ ಬಿಲ್ವ.

ಕಿರುಎಲೆಗಳಿಲ್ಲದ ಬಿಡಿ ಎಲೆಯಾದರೆ ತೊಟ್ಟು ಮುರಿಯಿರಿ. ಹಾಲು ಒಸರಿದರೆ ಬಹುಮಟ್ಟಿಗೆ ಆಲ, ಅರಳಿ, ಅತ್ತಿ, ಹಲಸಿನ ಬಳಗ. ಉದ್ದ ಬಾಲದ ಅರಳಿ ಎಲೆ ಯಾರಿಗೆ ಗೊತ್ತಿಲ್ಲ! ಹಾಲು ಬಾರದಿದ್ದರೆ ಹಿಚುಕಿ ಮೂಸಿ. ಮಾವು, ನೀಲಗಿರಿ ವಾಸನೆಯಲ್ಲೇ ಸಿಕ್ಕಿಬೀಳುತ್ತವೆ. ತೇಗದ ಎಳೆ ಎಲೆ ಉಜ್ಜಿದರೆ ಬೆರಳು ಕೆಂಪಾಗುತ್ತದೆ. ನೇರಳೆಯಲ್ಲಿ ಅಂಚಿನಿಂದ ಕೂದಲೆಳೆಯಷ್ಟು ಒಳಗೆ, ಅಂಚಿನುದ್ದಕ್ಕೂ ಒಂದು ನರ ಓಡುತ್ತದೆ (ನೀಲಗಿರಿಗೂ ಇದುಂಟು, ಎರಡೂ ಒಂದೇ ಕುಟುಂಬದವು). ಮಲೆನಾಡಿನ ಕಾಡಿನಲ್ಲಿ ಮಾತ್ರ ಗುರುತಿಲ್ಲದ ಎಲೆಗೆ ಈ ಪರೀಕ್ಷೆ ಬೇಡ. ಗೇರಿನ ಕುಟುಂಬದ ಕೆಲವು ಮರಗಳ ಸೊನೆ ತಾಗಿದರೆ ಮೈಮೇಲೆ ಬೊಬ್ಬೆ ಏಳುತ್ತವೆ.

ಇನ್ನು ಸೂಜಿ ಎಲೆ. ಕರಾವಳಿಯ ಗಾಳಿಮರದಲ್ಲಿ ನಾವು ಸೂಜಿ ಎನ್ನುವುದು ಅಸಲಿಗೆ ಹಸಿರು ಕಡ್ಡಿ. ಎರಡೂ ತುದಿ ಹಿಡಿದು ಎಳೆದರೆ ಗಂಟಿನಲ್ಲಿ ಕಳಚಿಕೊಳ್ಳುತ್ತದೆ. ಆ ಗಂಟಿನ ಸುತ್ತ ಹಲ್ಲುಗಳ ಹಾಗಿರುವ ಏಳೆಂಟು ಚೂರುಗಳೇ ಎಲೆ. ನೋಡಲು ಭೂತಗನ್ನಡಿ ಬೇಕಾದೀತು. ಪೈನ್ ಸೂಜಿ ಹೀಗೆ ಕಳಚುವುದಿಲ್ಲ. ಅವು ಬುಡದಲ್ಲಿ ಒಂದಾಗಿ ಕಂತೆಯಾಗಿರುತ್ತವೆ, ಹಿಮಾಲಯದ ಚೀರ್ ಪೈನ್‌ನಲ್ಲಿ ಸಾಮಾನ್ಯವಾಗಿ ಕಂತೆಗೆ 3.