ಜಾರುತ್ತಿದ್ದದ್ದು ಮೂರನೇ ಗೇರ್, ಸುಳಿವು ಸಿಕ್ಕಿದ್ದು ರಿವರ್ಸ್‌ನಲ್ಲಿ

ಶಾರ್ಜಾದ ಇಂಡಸ್ಟ್ರಿಯಲ್ ಏರಿಯಾದಲ್ಲಿ ನಾನು ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಕೆಲಸ ಮಾಡುತ್ತಾ ಹದಿನೆಂಟು ವರ್ಷವಾಯಿತು. ಕಳೆದ ಆಗಸ್ಟ್‌ನಲ್ಲಿ ಉಡುಪಿ ಕಡೆಯವರೊಬ್ಬರು ತಮ್ಮ ಹಳೆಯ ಜೀಪು ತಂದರು. 2003ರ ಜಪಾನೀ ಗಾಡಿ, ಆರು ಸಿಲಿಂಡರ್ ಪೆಟ್ರೋಲ್, ನಾಲ್ಕು ಗೇರ್, ಮೀಟರಿನಲ್ಲಿ 3,70,000 ಕಿ.ಮೀ. “ಬೆಳಿಗ್ಗೆ ಎಂತದ್ದೂ ಇಲ್ಲ ಮಾರಾಯ. ಮಧ್ಯಾಹ್ನ ಖೋರ್ಫಕ್ಕಾನ್ ಕಡೆ ಏರು ಹತ್ತುವಾಗ ಇಂಜಿನ್ ಕೂಗ್ತದೆ, ಗಾಡಿ ಮುಂದೆ ಹೋಗುವುದಿಲ್ಲ” ಎಂದರು. ಮೊದಲು ನೋಡಿದ ಗ್ಯಾರೇಜಿನಲ್ಲಿ ಇಡೀ ಗೇರ್‌ಬಾಕ್ಸ್ ಬದಲಿಸಬೇಕು ಎಂದಿದ್ದರಂತೆ.

ಆ “ಬೆಳಿಗ್ಗೆ ಎಂತದ್ದೂ ಇಲ್ಲ” ಎಂಬ ಮಾತನ್ನು ನಾನು ಹಿಡಿದುಕೊಂಡೆ. ಆಯಿಲ್ ಬಿಸಿಯಾದರೆ ತೆಳ್ಳಗಾಗುತ್ತದೆ. ಒಳಗೆ ಸೀಲ್ ಅಥವಾ ರಿಂಗ್ ಸವೆದಿದ್ದರೆ ತಣ್ಣಗಿನ ದಪ್ಪ ಆಯಿಲ್ ಹೇಗೋ ಒತ್ತಡ ಹಿಡಿದಿಡುತ್ತದೆ, ಬಿಸಿ ಆಯಿಲ್ ಸಂದಿಯಲ್ಲಿ ನುಸುಳಿಹೋಗುತ್ತದೆ. ಗಾಡಿ ತಣ್ಣಗಿದ್ದಾಗ ಒಂದು ಸುತ್ತು ಹೊಡೆದು “ಸರಿ ಇದೆ” ಎಂದು ಹೇಳಿಬಿಡುವುದು ಇಂಥ ಕೇಸಿನಲ್ಲಿ ದೊಡ್ಡ ತಪ್ಪು.

ನಲವತ್ತು ನಿಮಿಷ ಓಡಿಸಿ, ಇಂಜಿನ್ ಚಾಲೂ ಇಟ್ಟು, ಲಿವರನ್ನು ಎಲ್ಲಾ ಗೇರಿಗೂ ಒಮ್ಮೆ ಹಾಕಿ ಮತ್ತೆ ಪಾರ್ಕಿಗೆ ತಂದು ಡಿಪ್‌ಸ್ಟಿಕ್ ತೆಗೆದೆ. ಮಟ್ಟ ಸರಿಯಿತ್ತು. ಬಿಳಿ ಟಿಶ್ಯೂ ಮೇಲೆ ಒಂದು ಹನಿ ಬಿಟ್ಟರೆ ಹೊಸ ಆಯಿಲಿನ ಕೆಂಪಿಲ್ಲ, ಕಡುಕಂದು, ಸುಟ್ಟ ವಾಸನೆ. ಆಯಿಲ್ ಕಡಿಮೆಯಾಗಿದ್ದರೂ ಗೇರ್ ಜಾರುತ್ತದೆ (ಇಂಜಿನ್ ತಿರುಗಿದರೂ ಬಲ ಪೂರ್ತಿ ಚಕ್ರಕ್ಕೆ ತಲುಪುವುದಿಲ್ಲ), ಆದ್ದರಿಂದ ಈ ಎರಡು ನಿಮಿಷದ ಕೆಲಸ ಮೊದಲು.

ಗಾಡಿಯ ಸೆನ್ಸರ್‌ಗಳ ಅಂಕಿ ತೋರಿಸುವ ಸ್ಕ್ಯಾನರ್ ಹಾಕಿಕೊಂಡು ಮತ್ತೆ ರಸ್ತೆಗಿಳಿದೆವು. ಎರಡರಿಂದ ಮೂರಕ್ಕೆ ಬೀಳುವ ಹೊತ್ತಿಗೆ, ಸುಮಾರು 55 ಕಿ.ಮೀ. ವೇಗದಲ್ಲಿ, ಗೇರ್‌ಬಾಕ್ಸಿನ ಔಟ್‌ಪುಟ್, ಅಂದರೆ ಚಕ್ರದ ಕಡೆಯ ತುದಿ, ನಿಮಿಷಕ್ಕೆ 1,600 ಸುತ್ತು (ಆರ್‌ಪಿಎಂ). ಈ ಬಾಕ್ಸಿನಲ್ಲಿ ಮೂರನೇ ಗೇರ್ ಒಂದಕ್ಕೆ ಒಂದು. ಅಂದರೆ ಇಂಜಿನ್ ಕಡೆಯ ಇನ್‌ಪುಟ್ ಕೂಡ 1,600ಕ್ಕೆ ಇಳಿಯಬೇಕು. ಅದು 3,200ಕ್ಕೆ ಜಿಗಿದು, ಎರಡು ಸೆಕೆಂಡು ಅಲ್ಲೇ ನಿಂತು, ಆಮೇಲೆ ಇಳಿಯಿತು. ಇಂಜಿನ್ ಆರ್‌ಪಿಎಂ ಮತ್ತು ಇನ್‌ಪುಟ್ ನಡುವೆ ಹೆಚ್ಚು ಅಂತರವಿರಲಿಲ್ಲ. ಹಾಗಾಗಿ ಇಂಜಿನ್ನಿನ ಬಲವನ್ನು ಆಯಿಲ್ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಟಾರ್ಕ್ ಕನ್ವರ್ಟರ್ ಮೇಲೆ ಅನುಮಾನ ಬೇಕಿಲ್ಲ, ಜಾರುತ್ತಿರುವುದು ಅದರಾಚೆಯ ಕ್ಲಚ್.

ಯಾವ ಕ್ಲಚ್? ಆಟೋಮ್ಯಾಟಿಕ್ ಬಾಕ್ಸಿನೊಳಗೆ ಆಯಿಲ್ ಒತ್ತಡದಿಂದ ಬಿಗಿಯಾಗುವ ಹಲವು ಕ್ಲಚ್, ಬ್ರೇಕ್‌ಗಳಿರುತ್ತವೆ. ನಾನು ಗೋಡೆಗೆ ಅಂಟಿಸಿಕೊಂಡಿರುವ ಚಾರ್ಟ್ ಉಪಯೋಗಕ್ಕೆ ಬಂದದ್ದು ಇಲ್ಲಿ. ಯಾವ ಗೇರಿಗೆ ಯಾವ ಕ್ಲಚ್, ಯಾವ ಬ್ರೇಕ್ ಹಿಡಿಯುತ್ತದೆ ಎಂಬುದು ಅದರಲ್ಲಿದೆ. ಈ ಬಾಕ್ಸಿನ ಡೈರೆಕ್ಟ್ ಕ್ಲಚ್ ಹಿಡಿಯುವುದು ಮೂರರಲ್ಲಿ, ನಾಲ್ಕರಲ್ಲಿ ಮತ್ತು ರಿವರ್ಸ್‌ನಲ್ಲಿ. ಅವರನ್ನು ಕೇಳಿದೆ: “ಅಣ್ಣಾ, ರಿವರ್ಸ್ ಹಾಕಿದರೆ ತಡವಾಗ್ತದಾ?” ಸ್ವಲ್ಪ ಯೋಚಿಸಿ, “ಹೌದು, ಸಂಜೆ ಪಾರ್ಕಿಂಗ್ ಮಾಡುವಾಗ ಸ್ವಲ್ಪ ಕಾಯಬೇಕಾಗ್ತದೆ” ಎಂದರು. ಅದನ್ನು ಅವರು ಯಾರಿಗೂ ಹೇಳಿರಲಿಲ್ಲ. ಯಾರೂ ಕೇಳಿಯೂ ಇರಲಿಲ್ಲ.

ಚಕ್ರಕ್ಕೆ ಕಟ್ಟೆ ಕೊಟ್ಟು, ಬ್ರೇಕ್ ಬಲವಾಗಿ ಒತ್ತಿ, ಐದು ಸೆಕೆಂಡು ಮೀರದಂತೆ ಆಕ್ಸಿಲರೇಟರ್ ಪೂರ್ತಿ ತುಳಿದು ಸ್ಟಾಲ್ ಟೆಸ್ಟ್ ಮಾಡಿದೆ. ಗಾಡಿ ಕದಲದಿರುವಾಗ ಇಂಜಿನ್ ಆರ್‌ಪಿಎಂ ಮಿತಿ ಮೀರಿ ಏರಿದರೆ ಒಳಗೆ ಏನೋ ಜಾರುತ್ತಿದೆ ಎಂದರ್ಥ. ಡಿಯಲ್ಲಿ (ಡ್ರೈವ್) 2,250, ಸರಿಯಿದೆ. ರಿವರ್ಸ್‌ನಲ್ಲಿ 3,000 ದಾಟಿದ ಕೂಡಲೇ ಕಾಲು ತೆಗೆದೆ. ರಿವರ್ಸ್‌ನಲ್ಲಿ ಬಾಕ್ಸಿನೊಳಗಿನ ಇನ್ನೊಂದು ಬ್ರೇಕೂ ಕೆಲಸ ಮಾಡುತ್ತದೆ, ತಪ್ಪು ಅದರದ್ದೂ ಆಗಿರಬಹುದು. ಲಿವರನ್ನು ಎಲ್‌ಗೆ (ಲೋ ಗೇರ್) ಹಾಕಿ ನಿಧಾನ ಓಡಿಸಿ ಆಕ್ಸಿಲರೇಟರ್ ಬಿಟ್ಟೆ. ಇಂಜಿನ್ ಗಾಡಿಯನ್ನು ಚೆನ್ನಾಗಿ ಹಿಡಿದು ವೇಗ ಇಳಿಸಿತು. ಎಲ್‌ನಲ್ಲಿ ಹಿಡಿಯುವುದು ಅದೇ ಬ್ರೇಕ್. ಅದು ಸರಿಯಿದೆ, ಉಳಿದದ್ದು ಡೈರೆಕ್ಟ್ ಕ್ಲಚ್ ಮಾತ್ರ.

ಆಯಿಲ್ ಪಂಪಿನ ಒತ್ತಡ ನೋಡಲು ಪ್ರೆಶರ್ ಗೇಜ್ ಕೂಡ ಹಾಕಿದೆ. ಬಿಸಿಯಲ್ಲಿ, ಐಡಲ್‌ನಲ್ಲಿ, ಡಿಗೆ 4 ಬಾರ್, ರಿವರ್ಸ್‌ಗೆ 5.5. ಪಂಪು ಆರೋಗ್ಯವಾಗಿದೆ.

ಬಾಕ್ಸ್ ಇಳಿಸಿ ಡೈರೆಕ್ಟ್ ಕ್ಲಚ್‌ನ ರಂಧ್ರಕ್ಕೆ ಗಾಳಿ ಕೊಟ್ಟರೆ ಪ್ಲೇಟುಗಳನ್ನು ಒತ್ತುವ ಪಿಸ್ಟನ್ ‘ಧಡ್’ ಎಂದು ಕೂರಬೇಕಿತ್ತು, ‘ಸುಸ್’ ಎಂದು ಸೋರಿತು. ಪಿಸ್ಟನ್ನಿನ ರಬ್ಬರ್ ಓ ರಿಂಗ್ ಬೆರಳಲ್ಲಿ ಬಗ್ಗಿಸಿದರೆ ಮುರಿಯುವಷ್ಟು ಗಟ್ಟಿಯಾಗಿತ್ತು. ಫ್ರಿಕ್ಷನ್ ಪ್ಲೇಟುಗಳು ಕರಿಕಲು. ಉಳಿದ ಕ್ಲಚ್‌ಗಳು ಇನ್ನೂ ಕೆಲಸಕ್ಕೆ ಬರುವಂತಿದ್ದವು.

ಇಲ್ಲಿಗೆ ನಿಲ್ಲಿಸಿದ್ದರೆ ಮುಂದಿನ ಬೇಸಿಗೆಗೆ ಗಾಡಿ ವಾಪಸ್ ಬರುತ್ತಿತ್ತು. ರಬ್ಬರ್ ಇಷ್ಟು ಬೆಂದದ್ದೇಕೆ ಎಂದು ಹುಡುಕಿದೆ. ಗೇರ್ ಆಯಿಲ್ ತಣ್ಣಗಾಗುವುದು ರೇಡಿಯೇಟರಿನ ಕೆಳಗಿನ ತೊಟ್ಟಿಯಲ್ಲಿ. ವರ್ಷಗಟ್ಟಲೆ ಕೂಲೆಂಟ್ ಬದಲು ನಲ್ಲಿ ನೀರು ಹಾಕಿದ್ದರಿಂದ ಅಲ್ಲಿ ತುಕ್ಕು, ಕೆಸರು ತುಂಬಿತ್ತು. ಮರುಭೂಮಿಯ ಆಗಸ್ಟಿನಲ್ಲಿ ಆ ಆಯಿಲ್ ತಣ್ಣಗಾಗುವುದಾದರೂ ಹೇಗೆ? ರೇಡಿಯೇಟರ್ ಬದಲಿಸಿ, ಪೈಪುಗಳನ್ನು ತೊಳೆದು, ಹೊರಗೊಂದು ಕೂಲರ್ ಸೇರಿಸಿದೆ. ಬಾಕ್ಸಿಗೆ ಹೊಸ ಪ್ಲೇಟು, ಪೂರ್ತಿ ಸೀಲ್ ಕಿಟ್, ಫಿಲ್ಟರ್.

ಹಿಂದಿನ ಗ್ಯಾರೇಜಿನವರು ಆಯಿಲ್ ಫ್ಲಶ್ ಮಾಡಿ ನೋಡೋಣ ಎಂದೂ ಹೇಳಿದ್ದರಂತೆ. ಪ್ಲೇಟೇ ಸುಟ್ಟಿರುವಾಗ ಹೊಸ ಆಯಿಲ್ ಏನೂ ಮಾಡಲಾರದು. ಗ್ರಾಹಕರ ದುಡ್ಡು ಹೋಗುತ್ತದೆ, ಆಮೇಲೆ ಬೈಗುಳ ಹೊಸ ಆಯಿಲ್‌ಗೆ ಬೀಳುತ್ತದೆ.

ಸಾವಿರ ಕಿಲೋಮೀಟರ್ ಓಡಿಸಿ ಬನ್ನಿ ಎಂದಿದ್ದೆ. ಬಂದರು, ಮಧ್ಯಾಹ್ನ ಎರಡಕ್ಕೆ, ಖೋರ್ಫಕ್ಕಾನ್‌ನಿಂದ ನೇರವಾಗಿ. ಇಂಜಿನ್ ಆರಿಸಬೇಡಿ ಎಂದು ಹೇಳಿ ಡಿಪ್‌ಸ್ಟಿಕ್ ತೆಗೆದು ಟಿಶ್ಯೂಗೆ ಒತ್ತಿದೆ. ಕೆಂಪಗಿತ್ತು.