ಹುಡುಗನಿಗೆ ಎಷ್ಟು ವರ್ಷ, ಎಷ್ಟು ದುಡ್ಡು? ಐಸ್ ಹಾಕಿ ತಂಡದ ಲೆಕ್ಕ ಹಾಕುವುದು ಹೀಗೆ

2024ರ ಆಗಸ್ಟ್ 13. ಕೆನಡಾದ ಎಡ್ಮಂಟನ್ ಆಯಿಲರ್ಸ್ ತಂಡಕ್ಕೆ ಒಂದೇ ದಿನ ಎರಡು ಪೆಟ್ಟು ಬಿತ್ತು. ಅಮೆರಿಕದ ಸೇಂಟ್ ಲೂಯಿಸ್ ಬ್ಲೂಸ್ ತಂಡ ಅವರ ಇಬ್ಬರು ಹುಡುಗರಿಗೆ ನೇರವಾಗಿ ಸಂಬಳದ ಆಫರ್ ಕೊಟ್ಟಿತ್ತು. 23 ವರ್ಷದ ಡಿಫೆನ್ಸ್ ಆಟಗಾರ ಫಿಲಿಪ್ ಬ್ರೋಬರ್ಗ್‌ಗೆ ವರ್ಷಕ್ಕೆ 45,80,917 ಡಾಲರ್. 22 ವರ್ಷದ ಫಾರ್ವರ್ಡ್ ಡಿಲನ್ ಹಾಲೊವೇಗೆ ವರ್ಷಕ್ಕೆ 22,90,457 ಡಾಲರ್. ಇಬ್ಬರಿಗೂ ಎರಡೆರಡು ವರ್ಷದ ಒಪ್ಪಂದ. ಅಷ್ಟೇ ದುಡ್ಡು ಕೊಟ್ಟು ಉಳಿಸಿಕೊಳ್ಳಿ, ಇಲ್ಲವೇ ಬಿಟ್ಟುಬಿಡಿ. ಯೋಚಿಸಲು ಸಿಕ್ಕಿದ್ದು 7 ದಿನ.

ಹಾಕಿ ಎಂದರೆ ನಮ್ಮ ಕಣ್ಣ ಮುಂದೆ ಬರುವುದು ಕೊಡಗಿನ ಮೈದಾನ, ಹುಲ್ಲು, ಚೆಂಡು. ಇಲ್ಲಿ ಹೇಳುತ್ತಿರುವುದು ಮಂಜುಗಡ್ಡೆಯ ಮೇಲಿನ ಹಾಕಿ. ಉತ್ತರ ಅಮೆರಿಕದ ಎನ್‌ಎಚ್‌ಎಲ್ ಲೀಗ್. ಅಲ್ಲಿ 32 ತಂಡಗಳಿವೆ, ಪ್ರತಿ ತಂಡಕ್ಕೂ ಸಂಬಳದ ಕಟ್ಟುನಿಟ್ಟಾದ ಮಿತಿ ಇದೆ. 2024-25ರ ಸೀಸನ್‌ಗೆ ಅದು 8.8 ಕೋಟಿ ಡಾಲರ್ ಇತ್ತು. ಐಪಿಎಲ್ ಹರಾಜಿನ ಪರ್ಸ್ ಗೊತ್ತಲ್ಲ, ಹೆಚ್ಚುಕಮ್ಮಿ ಹಾಗೇ. ಆದರೆ ಇಲ್ಲಿ ಒಂದು ತಪ್ಪು ಒಪ್ಪಂದ ಬಹಳ ವರ್ಷ ಬೆನ್ನು ಬಿಡುವುದಿಲ್ಲ.

ಟೊರಾಂಟೊ, ಕ್ಯಾಲ್ಗರಿ ಕಡೆ ನೆಲೆಸಿದ ನಮ್ಮವರ ಮಕ್ಕಳು ಈ ಆಟದ ಜೊತೆಗೇ ಬೆಳೆಯುತ್ತಾರೆ. ಗೋಲು ಬಿದ್ದಾಗ ಅಪ್ಪ ಅಮ್ಮನಿಗೂ ಖುಷಿ. ಆದರೆ ಬೇಸಿಗೆ ಬಂದು, 'ಆ ಹುಡುಗನಿಗೆ ಇಷ್ಟೊಂದು ದುಡ್ಡು ಯಾಕೆ, ಈ ಹುಡುಗನನ್ನು ಬಿಟ್ಟಿದ್ದು ಯಾಕೆ' ಎಂಬ ಮಾತು ಶುರುವಾದರೆ ತಲೆ ಕೆಡುತ್ತದೆ. ತಂಡದ ಮ್ಯಾನೇಜರ್ ಕುರ್ಚಿಯಲ್ಲಿ ಕೂತು ಲೆಕ್ಕ ಹಾಕುವುದು ಹೇಗೆ ಅಂತ ಒಂದೊಂದೇ ಹೆಜ್ಜೆ ನೋಡೋಣ.

ಹೆಜ್ಜೆ 1: ಹುಟ್ಟಿದ ತಾರೀಖು ನೋಡಿ

ಗೋಲುಗಳ ಪಟ್ಟಿ ಆಮೇಲೆ. ಮೊದಲು ವಯಸ್ಸು.

ಎನ್‌ಎಚ್‌ಎಲ್ ತಂಡಗಳು ಹುಡುಗರನ್ನು ಆರಿಸಿಕೊಳ್ಳುವುದು ಡ್ರಾಫ್ಟ್ ಮೂಲಕ, ಅಂದರೆ ಸರದಿಯಂತೆ ಒಬ್ಬೊಬ್ಬರನ್ನೇ ಹೆಸರಿಸಿ. ಆ ವರ್ಷದ ಸೆಪ್ಟೆಂಬರ್ 15ರೊಳಗೆ 18 ತುಂಬಿರಬೇಕು. ಈ ಲೀಗ್‌ನ ತಾರೆ ಆಸ್ಟನ್ ಮ್ಯಾಥ್ಯೂಸ್ ಹುಟ್ಟಿದ್ದು 1997ರ ಸೆಪ್ಟೆಂಬರ್ 17. ಎರಡೇ ದಿನದಿಂದ 2015ರ ಡ್ರಾಫ್ಟ್ ತಪ್ಪಿತು. 2016ರಲ್ಲಿ ಮೊದಲನೆಯವನಾಗಿ ಆಯ್ಕೆಯಾದ. ಅಂದರೆ ಒಂದೇ ಡ್ರಾಫ್ಟ್‌ಗೆ ಮೊದಲ ಸಲ ನಿಂತ ಹುಡುಗರಲ್ಲೂ ಸುಮಾರು ಒಂದು ವರ್ಷದ ಅಂತರ ಇರಬಹುದು. ನಿಮ್ಮ ಮನೆಯ 17ರ ಹುಡುಗನನ್ನೂ 18ರ ಹುಡುಗನನ್ನೂ ಪಕ್ಕಪಕ್ಕ ನಿಲ್ಲಿಸಿ ನೋಡಿ. ಭುಜ, ತೊಡೆ, ಕಾಲಿನ ಶಕ್ತಿ, ಎಲ್ಲ ಬೇರೆ. ಇಬ್ಬರೂ 60 ಪಾಯಿಂಟ್ (ಹೊಡೆದ ಗೋಲು, ಗೋಲಿಗೆ ಕೊಟ್ಟ ನೆರವು ಅಂದರೆ ಅಸಿಸ್ಟ್, ಎರಡೂ ಸೇರಿ) ಗಳಿಸಿದ್ದರೆ ಚಿಕ್ಕವನದ್ದೇ ಹೆಚ್ಚು ತೂಕ.

ಇನ್ನೊಂದು ಉದಾಹರಣೆ ನನಗೆ ತುಂಬಾ ಹತ್ತಿರದ್ದು. ಅರ್ಷದೀಪ್ ಬೈನ್ಸ್, ಕೆನಡಾದ ಸರ್ರಿ ಊರಿನ ಪಂಜಾಬಿ ಹುಡುಗ. ಯಾವ ತಂಡವೂ ಡ್ರಾಫ್ಟ್ ಮಾಡಲಿಲ್ಲ. 2021-22ರಲ್ಲಿ ಪಶ್ಚಿಮ ಕೆನಡಾದ ಜೂನಿಯರ್ ಲೀಗ್‌ನಲ್ಲಿ 112 ಪಾಯಿಂಟ್ ಗಳಿಸಿ ಇಡೀ ಲೀಗ್‌ಗೇ ಮೊದಲಿಗನಾದ. ವ್ಯಾಂಕೂವರ್ ಕನಕ್ಸ್ ಒಪ್ಪಂದ ಕೊಟ್ಟಿತು. ನಮ್ಮ ಕಡೆಯ ಹೆಸರೊಂದು ಅಲ್ಲಿ ಮೊಳಗಿದಾಗ ಎದೆ ಉಬ್ಬುತ್ತದೆ, ಅಲ್ವಾ? ಆದರೂ ಲೆಕ್ಕ ಹಾಕುವಾಗ ಒಂದು ವಿಷಯ ಮರೆಯಬಾರದು. ಆ ಸೀಸನ್ ನಡುವೆ ಅವನಿಗೆ 21 ತುಂಬಿತ್ತು. ಎದುರಾಳಿಗಳಲ್ಲಿ ಬಹಳಷ್ಟು ಮಂದಿಗೆ 17, 18. ಆದ್ದರಿಂದ ಆ 112ನ್ನು 18ರ ಹುಡುಗನ 112ರ ಹಾಗೆ ಓದಬಾರದು. ಕನಕ್ಸ್ ಅವನನ್ನು ಮೊದಲು ಕೆಳಗಿನ ಎಎಚ್‌ಎಲ್ ಲೀಗ್‌ನಲ್ಲಿ ಪಳಗಿಸಿತು. ಎನ್‌ಎಚ್‌ಎಲ್‌ನಲ್ಲಿ ಮೊದಲ ಪಂದ್ಯ ಸಿಕ್ಕಿದ್ದು 2024ರ ಫೆಬ್ರವರಿಯಲ್ಲಿ. ಅದು ಸರಿಯಾದ ದಾರಿ ಎಂದೇ ನನ್ನ ಅಭಿಪ್ರಾಯ.

ಹೆಜ್ಜೆ 2: ಪಾಯಿಂಟ್ ಎಲ್ಲಿಂದ ಬಂತು ಕೇಳಿ

ಸ್ವೀಡನ್ನಿನ ದೊಡ್ಡವರ ಲೀಗ್‌ನಲ್ಲಿ 18ರ ಹುಡುಗ ಗಳಿಸಿದ 10 ಪಾಯಿಂಟ್, ಜೂನಿಯರ್ ಲೀಗ್‌ನ 60ಕ್ಕಿಂತ ಹೆಚ್ಚು ಮಾತಾಡಬಹುದು. ಅಲ್ಲಿ ಎದುರಿಗಿರುವವರು ಗಡ್ಡ ಬಂದ ಗಂಡಸರು. ಹಾಗೇ, ಎದುರು ತಂಡದ ಒಬ್ಬ ಹೊರಗೆ ಕೂತಿರುವ ಪವರ್ ಪ್ಲೇಯಲ್ಲಿ ಎಷ್ಟು ಬಂತು, ಐದು ಜನರ ಎದುರು ಐದು ಜನ ಇದ್ದಾಗ ಎಷ್ಟು ಬಂತು ಅಂತ ಬೇರೆ ಮಾಡಿ. ಪಕ್ಕದಲ್ಲಿ ಆಡಿದವರು ಯಾರು ಅಂತಲೂ ನೋಡಿ. ಒಳ್ಳೆ ಜೊತೆಗಾರ ಸಿಕ್ಕರೆ ಸಾಧಾರಣ ಹುಡುಗನೂ ಹೊಳೆಯುತ್ತಾನೆ.

ಹೆಜ್ಜೆ 3: ಪಕ್ ಬಿಡಿ, ಕುತ್ತಿಗೆ ನೋಡಿ

ಪಕ್ ಅಂದರೆ ಈ ಆಟದಲ್ಲಿ ಚೆಂಡಿನ ಬದಲಿರುವ ಚಪ್ಪಟೆ ರಬ್ಬರ್ ಬಿಲ್ಲೆ. ಇದು ನನಗೆ ಎಲ್ಲಕ್ಕಿಂತ ಇಷ್ಟವಾದ ಹೆಜ್ಜೆ. ಮುಂದಿನ ಸಲ ಪಂದ್ಯ ನೋಡುವಾಗ ನೀವೇ ಮಾಡಿ ನೋಡಬಹುದು.

ಎದುರು ತಂಡದವರು ಪಕ್ಕನ್ನು ಮೂಲೆಗೆ ಹೊಡೆದಿದ್ದಾರೆ. ನಮ್ಮ ಡಿಫೆನ್ಸ್ ಹುಡುಗ ಬೆನ್ನು ತಿರುಗಿಸಿ ಅದನ್ನು ತರಲು ಓಡುತ್ತಿದ್ದಾನೆ. ಹಿಂದೆ ಎರಡು ಮೂರು ಹೆಜ್ಜೆ ದೂರದಲ್ಲಿ ದಾಂಡಿಗನೊಬ್ಬ ಗುದ್ದಲು ಬರುತ್ತಿದ್ದಾನೆ. ಈಗ ಪಕ್ ನೋಡಬೇಡಿ. ಹುಡುಗನ ಕುತ್ತಿಗೆ ನೋಡಿ. ಪಕ್ ಮುಟ್ಟುವ ಮೊದಲು ಅವನು ಭುಜದ ಮೇಲಿಂದ ಹಿಂದೆ ನೋಡಿದನಾ? ಒಳ್ಳೆಯವನು ಎರಡು ಸಲ ನೋಡುತ್ತಾನೆ. ಹೊರಡುವಾಗ ಒಮ್ಮೆ, ಪಕ್ ಕೋಲಿಗೆ ತಾಗುವ ಮುಂಚೆ ಇನ್ನೊಮ್ಮೆ. ಆಮೇಲೆ ಎಡಕ್ಕೆ ಹೋಗುವವನಂತೆ ಸೊಂಟ ವಾಲಿಸಿ ಬಲಕ್ಕೆ ತಿರುಗುತ್ತಾನೆ, ಮಧ್ಯದಲ್ಲಿದ್ದವನಿಗೆ ಸಣ್ಣ ಪಾಸ್ ಕೊಡುತ್ತಾನೆ. ಬೆನ್ನು ಹತ್ತಿದ ದಾಂಡಿಗ ಗೋಡೆಗೆ ಗುದ್ದಿಕೊಳ್ಳುತ್ತಾನೆ.

ನೋಡದೆ ಹೋದ ಹುಡುಗ? ಗುದ್ದಿಸಿಕೊಳ್ಳುತ್ತಾನೆ, ಇಲ್ಲವೇ ಕಣ್ಣು ಮುಚ್ಚಿಕೊಂಡು ಪಕ್ಕನ್ನು ಗೋಡೆಗುಂಟ ಸುಮ್ನೆ ಬಾರಿಸಿಬಿಡುತ್ತಾನೆ. ಜೂನಿಯರ್ ಲೀಗ್‌ನಲ್ಲಿ ಹೇಗೋ ನಡೆದುಹೋಗುತ್ತದೆ, ಹಿಂದೆ ಬರುವವನು ಅರ್ಧ ಸೆಕೆಂಡ್ ತಡವಾಗಿ ಬರುತ್ತಾನೆ. ಎನ್‌ಎಚ್‌ಎಲ್‌ನಲ್ಲಿ ಆ ಅರ್ಧ ಸೆಕೆಂಡ್ ಸಿಗುವುದಿಲ್ಲ.

ಲೇನ್ ಹಟ್ಸನ್‌ನ ಕಥೆ ಇದಕ್ಕೆ ಸಾಕ್ಷಿ. ಡಿಫೆನ್ಸ್ ಆಟಗಾರ, ಎತ್ತರ 5 ಅಡಿ 9 ಇಂಚಿನ ಆಸುಪಾಸು. 2022ರ ಡ್ರಾಫ್ಟ್‌ಗೆ ಮುಂಚೆ, ತಾನು ಇನ್ನೂ ಬೆಳೆಯಬಹುದು ಎಂದು ತಂಡಗಳಿಗೆ ತೋರಿಸಲು ಡಾಕ್ಟರ್ ಚೀಟಿ ಹಿಡಿದುಕೊಂಡೇ ಹೋಗಿದ್ದ. ಆದರೂ ತಂಡಗಳು ಎತ್ತರವನ್ನೇ ನೋಡಿದವು. ಮಾಂಟ್ರಿಯಲ್ ಕೆನೇಡಿಯನ್ಸ್ 62ನೇ ಆಯ್ಕೆಯಾಗಿ ಅವನನ್ನು ತೆಗೆದುಕೊಂಡಿತು. 2024-25ರಲ್ಲಿ ಅವನು 6 ಗೋಲು, 60 ಅಸಿಸ್ಟ್ ಗಳಿಸಿದ. ವರ್ಷದ ಶ್ರೇಷ್ಠ ಹೊಸಬನಿಗೆ ಕೊಡುವ ಕಾಲ್ಡರ್ ಟ್ರೋಫಿ ಅವನದಾಯಿತು. ಮೈ ಚಿಕ್ಕದು. ಆದರೆ ಮುಂದೇನು ನಡೆಯುತ್ತದೆ ಅಂತ ಅವನಿಗೆ ಉಳಿದವರಿಗಿಂತ ಮೊದಲೇ ಗೊತ್ತಾಗುತ್ತಿತ್ತು.

ಗೋಲ್‌ಕೀಪರ್‌ಗಳಿಗೆ ಈ ಯಾವ ಲೆಕ್ಕವೂ ಸರಿಯಾಗಿ ಹೊಂದುವುದಿಲ್ಲ. ಅವರು ನಿಧಾನಕ್ಕೆ ಹಣ್ಣಾಗುತ್ತಾರೆ. ಅವಸರ ಮಾಡಬೇಡಿ ಎಂದಷ್ಟೇ ಹೇಳಬಲ್ಲೆ.

ಹೆಜ್ಜೆ 4: ಅದೃಷ್ಟವನ್ನು ಬೇರೆ ಇಡಿ

ವಿಲಿಯಂ ಕಾರ್ಲ್ಸನ್ 2016-17ರಲ್ಲಿ ಕೊಲಂಬಸ್ ತಂಡಕ್ಕೆ ಹೊಡೆದದ್ದು 6 ಗೋಲು. ಮರುವರ್ಷ ಹೊಸ ತಂಡ ವೇಗಸ್ ಗೋಲ್ಡನ್ ನೈಟ್ಸ್‌ಗೆ ಬಂದ. 43 ಗೋಲು! ಊರೆಲ್ಲ ಅವನದೇ ಮಾತು. ಆದರೆ ಆ 43 ಬಂದದ್ದು 184 ಶಾಟ್‌ಗಳಿಂದ. ನೂರಕ್ಕೆ 23ಕ್ಕೂ ಹೆಚ್ಚು. ಈ ಲೀಗ್‌ನಲ್ಲಿ ಫಾರ್ವರ್ಡ್‌ಗಳಿಗೆ ಸಾಮಾನ್ಯವಾಗಿ ಅದರ ಅರ್ಧದ ಆಸುಪಾಸು ಬೀಳುತ್ತದೆ. ನೂರಕ್ಕೆ 23 ಎಂಬುದು ವರ್ಷ ವರ್ಷ ನಿಲ್ಲುವುದಿಲ್ಲ.

ವೇಗಸ್ ಆಗ ಮಾಡಿದ ಕೆಲಸ ನನಗೆ ಬಹಳ ಮೆಚ್ಚುಗೆ. 8 ವರ್ಷದ ಭಾರಿ ಒಪ್ಪಂದಕ್ಕೆ ಹಾರಲಿಲ್ಲ, ಹುಡುಗನನ್ನು ಅವಮಾನಿಸಲೂ ಇಲ್ಲ. ಒಂದೇ ವರ್ಷಕ್ಕೆ 52.5 ಲಕ್ಷ ಡಾಲರ್ ಕೊಟ್ಟಿತು. ಆ ವರ್ಷ ಬಂದದ್ದು 24 ಗೋಲು. ಅವನ ನಿಜವಾದ ಅಳತೆ ಈಗ ಸಿಕ್ಕಿತು. 2019ರ ಜೂನ್‌ನಲ್ಲಿ ವರ್ಷಕ್ಕೆ 59 ಲಕ್ಷದಂತೆ 8 ವರ್ಷಕ್ಕೆ ಸಹಿ ಹಾಕಿಸಿತು. 43 ಗೋಲಿನ ಬೆಲೆ ಅಲ್ಲ ಅದು, 24 ಗೋಲು ಹೊಡೆದು ಎರಡೂ ತುದಿಯಲ್ಲಿ ದುಡಿಯುವ ಸೆಂಟರ್ ಆಟಗಾರನ ಬೆಲೆ.

ಹೆಜ್ಜೆ 5: ಗಡಿಯಾರ ಓಡುತ್ತಿದೆ

ಇಲ್ಲಿ ಸ್ವಲ್ಪ ನಿಯಮ ತಿಳಿದಿರಬೇಕು. 18ರಿಂದ 21 ವಯಸ್ಸಿನವನಿಗೆ ಮೊದಲ ಒಪ್ಪಂದ ಕಡ್ಡಾಯವಾಗಿ 3 ವರ್ಷದ್ದು. ಸಂಬಳಕ್ಕೂ ಮಿತಿ ಇದೆ, 2023ರ ಮೊದಲ ಆಯ್ಕೆ ಕಾನರ್ ಬೆಡಾರ್ಡ್‌ಗೂ ಮೂಲ ಸಂಬಳ 9.5 ಲಕ್ಷ ಡಾಲರ್ ಇತ್ತು. ಬೋನಸ್ ಬೇರೆ. ತಂಡಕ್ಕೆ ಸಿಗುವ ಅತ್ಯಂತ ಅಗ್ಗದ ವರ್ಷಗಳು ಇವೇ. ಆದ್ದರಿಂದ ಸುಮ್ನೆ ಪೋಲು ಮಾಡಬಾರದು. 18, 19ರ ಹುಡುಗ ಒಂದು ಸೀಸನ್‌ನಲ್ಲಿ 10 ಎನ್‌ಎಚ್‌ಎಲ್ ಪಂದ್ಯ ಆಡದಿದ್ದರೆ ಆ ವರ್ಷ ಲೆಕ್ಕಕ್ಕೆ ಬರುವುದಿಲ್ಲ, ಒಪ್ಪಂದ ಒಂದು ವರ್ಷ ಮುಂದೆ ಜಾರುತ್ತದೆ. ಅದಕ್ಕೇ 9 ಪಂದ್ಯ ಆಡಿಸಿ ಹುಡುಗನನ್ನು ವಾಪಸ್ ಕಳಿಸುವುದು. ಕೋಪ ಮಾಡಿಕೊಳ್ಳಬೇಡಿ, ಬಹಳ ಸಲ ಅದು ಹುಡುಗನಿಗೂ ಒಳ್ಳೆಯದು.

ಆ 3 ವರ್ಷ ಮುಗಿದ ಮೇಲೂ ಅವನು ಪೂರ್ತಿ ಸ್ವತಂತ್ರನಲ್ಲ. ಸಾಮಾನ್ಯವಾಗಿ 27 ವರ್ಷ ತುಂಬುವವರೆಗೆ ಅಥವಾ 7 ಸೀಸನ್ ಆಡುವವರೆಗೆ ಅವನ ಮೇಲಿನ ಹಕ್ಕು ತಂಡದ್ದೇ. ಬೇರೆಯವರು ಆಫರ್ ಕೊಡಬಹುದು. ಆಗ 7 ದಿನದೊಳಗೆ ಅಷ್ಟೇ ಕೊಟ್ಟು ಉಳಿಸಿಕೊಳ್ಳಬೇಕು. ಬಿಟ್ಟರೆ, ಕೊಟ್ಟ ಮೊತ್ತಕ್ಕೆ ತಕ್ಕಂತೆ ಡ್ರಾಫ್ಟ್ ಆಯ್ಕೆಗಳು ಪರಿಹಾರವಾಗಿ ಸಿಗುತ್ತವೆ.

ಹೆಜ್ಜೆ 6: ಸೇತುವೆಯೋ, ದೂರದ ಪಯಣವೋ

ಎರಡನೇ ಒಪ್ಪಂದದಲ್ಲಿ ಎರಡು ದಾರಿ. ಎರಡು ಮೂರು ವರ್ಷದ ಚಿಕ್ಕ ಒಪ್ಪಂದಕ್ಕೆ ಅಲ್ಲಿನವರು 'ಬ್ರಿಡ್ಜ್' ಎನ್ನುತ್ತಾರೆ. ಇನ್ನೊಂದು ದೀರ್ಘ ಒಪ್ಪಂದ, ಈ ಕೆಳಗಿನ ಉದಾಹರಣೆಗಳಲ್ಲಿ 7, 8 ವರ್ಷದ್ದು.

2013ರ ಜನವರಿಯಲ್ಲಿ ಮಾಂಟ್ರಿಯಲ್ ತನ್ನ ಡಿಫೆನ್ಸ್ ಆಟಗಾರ ಪಿ.ಕೆ. ಸುಬ್ಬನ್‌ಗೆ ಎರಡು ವರ್ಷಕ್ಕೆ ಒಟ್ಟು 57.5 ಲಕ್ಷ ಡಾಲರ್ ಕೊಟ್ಟಿತು. ಆ ವರ್ಷ ಸೀಸನ್ ಚಿಕ್ಕದು, ಅದು ಮುಗಿಯುವಷ್ಟರಲ್ಲೇ ಅವನು ಲೀಗ್‌ನ ಶ್ರೇಷ್ಠ ಡಿಫೆನ್ಸ್ ಆಟಗಾರನ ನಾರಿಸ್ ಟ್ರೋಫಿ ಗೆದ್ದ. 2014ರ ಆಗಸ್ಟ್‌ನಲ್ಲಿ ತಂಡ 8 ವರ್ಷಕ್ಕೆ 7.2 ಕೋಟಿಗೆ ಒಪ್ಪಬೇಕಾಯಿತು. ಎರಡು ವರ್ಷ ಉಳಿಸಿದ್ದು ನಿಜ. ಆಮೇಲೆ ಎಂಟು ವರ್ಷಕ್ಕೆ ಜಾಸ್ತಿ ಬೆಲೆಗೆ ಒಪ್ಪಿದ್ದೂ ನಿಜ.

ಕೊಲೊರಾಡೊ ಅವಲಾಂಚ್ 2016ರಲ್ಲಿ ಇನ್ನೊಂದು ದಾರಿ ಹಿಡಿಯಿತು. ನೇಥನ್ ಮೆಕಿನನ್‌ಗೆ ಆಗ 20 ವರ್ಷ. ಹಿಂದಿನ ಸೀಸನ್‌ನಲ್ಲಿ 52 ಪಾಯಿಂಟ್, ಹೊಸಬನಾಗಿದ್ದಾಗ ಗಳಿಸಿದ 63ಕ್ಕಿಂತ ಕಮ್ಮಿ. ಆದರೂ 7 ವರ್ಷಕ್ಕೆ, ವರ್ಷಕ್ಕೆ 63 ಲಕ್ಷದಂತೆ ಸಹಿ ಮಾಡಿಸಿತು. ಮೊದಲ ವರ್ಷ 53 ಪಾಯಿಂಟ್ ಬಂದಾಗ ತಪ್ಪಾಯಿತೇನೋ ಅನ್ನಿಸಿರಬಹುದು. ಅದರ ಮರುವರ್ಷ 97. ಆ ಒಪ್ಪಂದದ ಕೊನೆಯ ವರ್ಷಗಳು ಅವನು ಪೂರ್ತಿ ಸ್ವತಂತ್ರನಾಗಿರಬೇಕಾದ ವರ್ಷಗಳು. ಅವನ್ನೂ ತಂಡ ಹಳೇ ಬೆಲೆಗೇ ಕೊಂಡಿತ್ತು. 2022ರಲ್ಲಿ ಲೀಗ್‌ನ ಚಾಂಪಿಯನ್ ಟ್ರೋಫಿಯಾದ ಸ್ಟ್ಯಾನ್ಲಿ ಕಪ್ ಗೆದ್ದಾಗಲೂ ಅವನ ಲೆಕ್ಕ 63 ಲಕ್ಷವೇ. ಉಳಿದ ದುಡ್ಡು ಬೇರೆ ಆಟಗಾರರಿಗೆ ಸಿಕ್ಕಿತು.

ಹಾಗಾದರೆ ಎಲ್ಲರಿಗೂ ದೀರ್ಘ ಒಪ್ಪಂದ ಕೊಡಬೇಕೇ? ಇಲ್ಲ. ಹೆಜ್ಜೆ 1ರಿಂದ 4ರವರೆಗೆ ಉತ್ತರ ಗಟ್ಟಿಯಾಗಿದ್ದರೆ ಮಾತ್ರ. ಅನುಮಾನ ಇದ್ದರೆ ಕಾರ್ಲ್ಸನ್‌ಗೆ ಮಾಡಿದಂತೆ ಒಂದು ವರ್ಷ ಕಾಯಿರಿ.

ಮೊತ್ತವನ್ನು ಯಾವಾಗಲೂ ಮಿತಿಯ ಪಾಲಾಗಿ ನೋಡಿ. 2016-17ರ ಮಿತಿ 7.3 ಕೋಟಿ, ಮೆಕಿನನ್‌ನ 63 ಲಕ್ಷ ಅದರಲ್ಲಿ ನೂರಕ್ಕೆ 8.6 ಪಾಲು. 2025ರ ಅಕ್ಟೋಬರ್‌ನಲ್ಲಿ ಹಟ್ಸನ್‌ಗೆ ಮಾಂಟ್ರಿಯಲ್ ವರ್ಷಕ್ಕೆ 88.5 ಲಕ್ಷದಂತೆ 8 ವರ್ಷ ಕೊಟ್ಟಿತು. ಕೇಳಲು ಬಹಳ ಜಾಸ್ತಿ. ಆದರೆ ಅದು ಶುರುವಾಗುವ 2026-27ಕ್ಕೆ ಲೀಗ್ ಹೇಳಿದ್ದ ಮಿತಿ 10.4 ಕೋಟಿ. ಪಾಲು ನೂರಕ್ಕೆ 8.5. ಸುಬ್ಬನ್‌ಗೆ ಒಮ್ಮೆ ಬ್ರಿಡ್ಜ್ ಕೊಟ್ಟ ಅದೇ ಮಾಂಟ್ರಿಯಲ್ ಇದು.

ಹೆಜ್ಜೆ 7: ಜುಲೈ 1ರಂದು ಮೊದಲು ಯಾರಿಗೆ?

ಈಗ ಎಡ್ಮಂಟನ್‌ಗೆ ವಾಪಸ್ ಬರೋಣ. 2024ರ ಜೂನ್‌ನಲ್ಲಿ ಆ ತಂಡ ಸ್ಟ್ಯಾನ್ಲಿ ಕಪ್ ಫೈನಲ್‌ನ 7ನೇ ಪಂದ್ಯದಲ್ಲಿ ಫ್ಲೋರಿಡಾಗೆ ಸೋತಿತ್ತು. ಇನ್ನೊಂದೇ ಗೆಲುವು ಬೇಕಿತ್ತು. ಆ ಹಸಿವಿನಲ್ಲಿ, ಸ್ವತಂತ್ರ ಆಟಗಾರರ ಮಾರುಕಟ್ಟೆ ತೆರೆಯುವ ಜುಲೈ 1ರಂದು ಅನುಭವಿಗಳನ್ನು ತಂದರು. ಜೆಫ್ ಸ್ಕಿನ್ನರ್‌ಗೆ 30 ಲಕ್ಷ, ವಿಕ್ಟರ್ ಆರ್ವಿಡ್ಸನ್‌ಗೆ ವರ್ಷಕ್ಕೆ 40 ಲಕ್ಷ. ಇಬ್ಬರಿಗೂ 30 ದಾಟಿತ್ತು. ಒಟ್ಟು 70 ಲಕ್ಷ. ಹುಡುಗರಿಬ್ಬರ ಒಪ್ಪಂದ ಮಾತ್ರ ಆಗಸ್ಟ್ ಬಂದರೂ ಹಾಗೇ ಉಳಿದಿತ್ತು.

ಬ್ಲೂಸ್ ಅದನ್ನು ಗಮನಿಸಿತು. ಅವರ ಆಫರ್‌ನ ಅಂಕಿಗಳು ಅಷ್ಟು ವಿಚಿತ್ರವಾಗಿದ್ದದ್ದು ಸುಮ್ನೆ ಅಲ್ಲ. 45,80,917 ಡಾಲರ್ ದಾಟಿದ್ದರೆ ಪರಿಹಾರವಾಗಿ ಮೊದಲ ಸುತ್ತಿನ ಡ್ರಾಫ್ಟ್ ಆಯ್ಕೆಯನ್ನೇ ಕೊಡಬೇಕಿತ್ತು. ಅಲ್ಲಿಯವರೆಗೆ ಎರಡನೇ ಸುತ್ತಿನದು ಸಾಕು. 22,90,457ರವರೆಗೆ ಮೂರನೇ ಸುತ್ತಿನದು ಸಾಕು. ಗೆರೆಯ ತುದಿಗೇ ಬಂದು ನಿಂತಿದ್ದರು. ಎಡ್ಮಂಟನ್‌ಗೆ ಉಳಿಸಿಕೊಳ್ಳುವುದು ಅತಿ ಕಷ್ಟ, ತಮಗೆ ಖರ್ಚು ಅತಿ ಕಡಿಮೆ.

ಕಾಗದದ ಮೇಲೆ ಆ ಬೆಲೆ ಜಾಸ್ತಿಯೇ ಕಾಣುತ್ತಿತ್ತು. ಹಿಂದಿನ ಸೀಸನ್‌ನಲ್ಲಿ ಹಾಲೊವೇ 38 ಪಂದ್ಯದಲ್ಲಿ 9 ಪಾಯಿಂಟ್ ಗಳಿಸಿದ್ದ. ಬ್ರೋಬರ್ಗ್ ಆಡಿದ್ದೇ 12 ಪಂದ್ಯ. ಆದರೆ ವಯಸ್ಸು ನೋಡಿ, 23 ಮತ್ತು 22. ಇಬ್ಬರೂ ಮೊದಲ ಸುತ್ತಿನ ಆಯ್ಕೆಗಳು, 2019ರ 8ನೆಯವನು, 2020ರ 14ನೆಯವನು. ಹಾಲೊವೇ ಆ ವರ್ಷದ ಪ್ಲೇಆಫ್‌ನಲ್ಲಿ 5 ಗೋಲು ಹೊಡೆದಿದ್ದ. ಬ್ರೋಬರ್ಗ್‌ನನ್ನು ಪ್ಲೇಆಫ್‌ನ ಕೊನೆಯ ಹಂತದಲ್ಲಿ ಒಳಗೆ ತಂದು ಫೈನಲ್‌ವರೆಗೂ ಆಡಿಸಿದ್ದರು. ಬ್ಲೂಸ್ ಹಿಂದಿನ ಅಂಕಿಗೆ ದುಡ್ಡು ಕೊಡಲಿಲ್ಲ. 24, 25ರ ವಯಸ್ಸಿನಲ್ಲಿ ಇವರು ಏನಾಗಬಹುದು ಎಂಬುದಕ್ಕೆ ಕೊಟ್ಟಿತು.

ಆಗಸ್ಟ್ 20ರಂದು ಎಡ್ಮಂಟನ್ ಇಬ್ಬರನ್ನೂ ಬಿಟ್ಟುಕೊಟ್ಟಿತು. 2024-25ರಲ್ಲಿ ಹಾಲೊವೇ ಬ್ಲೂಸ್‌ಗೆ 26 ಗೋಲು, ಒಟ್ಟು 63 ಪಾಯಿಂಟ್ ಗಳಿಸಿದ. ಸ್ಕಿನ್ನರ್ 29, ಆರ್ವಿಡ್ಸನ್ 27, ಇಬ್ಬರದ್ದೂ ಸೇರಿ 56. ಬ್ಲೂಸ್ ಹುಡುಗರಿಬ್ಬರಿಗೂ ಸೇರಿ ಕೊಟ್ಟಿದ್ದು ವರ್ಷಕ್ಕೆ ಸುಮಾರು 68.7 ಲಕ್ಷ.